ಜೀಪು ಮಾರಿದ್ರಾ ಗೌಡ್ರೇ?

ಮಲೆನಾಡಿನಲ್ಲಿ ಸೈಕಲ್ಲು ತುಳಿಯುವ ವಾಹನವಲ್ಲ, ತಳ್ಳುವ ವಾಹನ. ನಾನು ಕಂಡ ಮಟ್ಟಿಗೆ ನಮ್ಮ ಕಡೆ ಸೈಕಲ್ ಇಟ್ಟುಕೊಂಡವರೆಂದರೆ ಪೋಸ್ಟಿನವನು, ಡೈರಿಗೆ ಹಾಲು ಹಾಕುವವರು, ಹಿಂದೆ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ ಮೀನಿನವರು. ಇವರಲ್ಲಿ ಯಾರೂ ಏರಿನಲ್ಲಿ ಸೀಟಿನ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ಏರಿನುದ್ದಕ್ಕೂ ಹ್ಯಾಂಡಲ್ ಹಿಡಿದು ನಡೆಯುವುದು, ಇಳುಕಲಿನಲ್ಲಿ ಬ್ರೇಕಿನ ಮೇಲೆ ಭಾರ ಹಾಕಿ ದೇವರನ್ನು ನೆನೆಯುವುದು, ಇಷ್ಟೇ ಅದರ ಉಪಯೋಗ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮೂರಿನ ಮಕ್ಕಳೂ ಖುಷಿಯಿಂದ ತಂದರು. ಆರು ತಿಂಗಳು ಕಳೆಯುವುದರೊಳಗೆ ಅವುಗಳ ಮೇಲೆ ಮಕ್ಕಳಿಗಿಂತ ಹುಲ್ಲಿನ ಹೊರೆ, ಗೊಬ್ಬರದ ಚೀಲಗಳೇ ಹೆಚ್ಚು ಸವಾರಿ ಮಾಡಿದವು. ಇಂಥ ಊರಿಗೆ ಬೆಂಗಳೂರಿನಿಂದ ಜನ ದುಡ್ಡು ಕಟ್ಟಿ ಸೈಕಲ್ ತುಳಿಯಲು ಬರುತ್ತಾರೆಂದು ಮೊದಲು ಕೇಳಿದಾಗ, ಇದು ಯಾರೋ ವೈದ್ಯರು ಕೊಟ್ಟ ಶಿಕ್ಷೆ ಇರಬೇಕೆಂದುಕೊಂಡಿದ್ದೆ.

ಅದರೊಳಕ್ಕೆ ನನ್ನನ್ನು ಎಳೆದವಳು ಅಣ್ಣನ ಮಗಳು. ಅವಳ ಗುಂಪಿನಲ್ಲಿ ಒಬ್ಬರು ಕಡೇ ಗಳಿಗೆಯಲ್ಲಿ ಕೈಕೊಟ್ಟಿದ್ದರಂತೆ.

"ಚಿಕ್ಕಪ್ಪ, ನೀವು ಬನ್ನಿ. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು, ಆಮೇಲೆ ಕಳಸ. ಊಟ, ರೂಮು, ಸೈಕಲ್ಲು ಎಲ್ಲ ಅವರದೇ. ಮುಂದೊಬ್ಬ ಗೈಡು, ಹಿಂದೊಬ್ಬ ಹುಡುಗ, ಅವನ ಹಿಂದೆ ವ್ಯಾನು."

"ನಮ್ಮೂರು ನೋಡೋಕೆ ನಾನು ದುಡ್ಡು ಕೊಡೋದಾ?"

"ನೀವೆಲ್ಲಿ ಕೊಡ್ತೀರಿ? ನಾನು ಕೊಟ್ಟಾಯ್ತು. ಆದ್ರೆ ಒಂದು ಷರತ್ತು, ಇದೇ ಊರಿನವರು ಅಂತ ಯಾರಿಗೂ ಹೇಳ್ಬಾರ್ದು. ಹೇಳಿದ್ರೆ ನಿಮ್ಮನ್ನ ಬಿಡಲ್ಲ."

ಷರತ್ತು ಕೇಳಿದ ಮೇಲೆಯೇ ನಾನು ಒಪ್ಪಿದ್ದು. ಮೂಡಿಗೆರೆಯವನಾಗಿರುವುದು ಒಂದು ಉದ್ಯೋಗ. ಸಂಬಳವಿಲ್ಲ, ರಜೆಯೂ ಇಲ್ಲ. ಬಂದ ನೆಂಟರೆಲ್ಲರಿಗೂ ತೇಜಸ್ವಿಯವರ ಮನೆ ಎಲ್ಲಿ ಎಂದು ಹೇಳಬೇಕು. ‘ಕರ್ವಾಲೊ’ ಓದಿದವರಿಗೆ ಹಾರುವ ಓತಿ ಈಗಲೂ ಸಿಗುತ್ತದೆಯೇ ಎಂಬುದಕ್ಕೆ ಉತ್ತರ ಕೊಡಬೇಕು. ಕಾಡಾನೆ ಯಾವ ತೋಟದಲ್ಲಿದೆ, ದೇವರಮನೆಗೆ ಕಾರು ಹೋಗುತ್ತದೆಯೇ, ಅರೇಬಿಕಾಕ್ಕೂ ರೊಬಸ್ಟಾಕ್ಕೂ ಏನು ವ್ಯತ್ಯಾಸ, ಬಾಬಾ ಬುಡನ್ ತಂದದ್ದು ನಿಜವಾಗಿ ಏಳೇ ಬೀಜವೇ, ಎಲ್ಲಕ್ಕೂ ಊರವನೇ ಜವಾಬ್ದಾರ. ಕೆಲವು ದಿನ ಏನೂ ಗೊತ್ತಿಲ್ಲದವನಾಗಿ ಇರಬಹುದೆಂದರೆ ಅದಕ್ಕಿಂತ ದೊಡ್ಡ ವಿಶ್ರಾಂತಿ ಯಾವುದು?

ನನಗೆ ನನ್ನ ತಾಲ್ಲೂಕನ್ನು ತೋರಿಸಲು ನೇಮಕಗೊಂಡಿದ್ದ ಗೈಡು ವಿಜಯಪುರದ ಹುಡುಗ. ಕರ್ನಾಟಕದಲ್ಲಿ ಸೈಕಲ್ ರೇಸಿನ ತವರೆಂದರೆ ವಿಜಯಪುರ, ಬಾಗಲಕೋಟೆ. ಅಲ್ಲಿನ ಹಳ್ಳಿಗಳ ಮಕ್ಕಳು ಸರ್ಕಾರಿ ಕ್ರೀಡಾನಿಲಯಗಳಲ್ಲಿದ್ದುಕೊಂಡು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಾರೆ. ಇವನೂ ಹಾಗೆ ರೇಸು ಹೊಡೆದವನೇ. ಮೊಣಕಾಲು ನೋವು ಬಂದು ಬಿಟ್ಟು, ಈಗ ಇತರರ ಮೊಣಕಾಲು ಕಾಯುವ ಕೆಲಸಕ್ಕೆ ಸೇರಿದ್ದ. ಹೊರಡುವ ಮೊದಲು ನನ್ನ ಸೀಟಿನ ಎತ್ತರ ಸರಿಮಾಡಿ, ಟೈರು ಒತ್ತಿ ನೋಡಿ, "ಸರ, ಏರಿನ್ಯಾಗ ಎದ್ದ ನಿಂತ ತುಳೀಬ್ಯಾಡ್ರಿ, ದಮ್ಮ ಹೋಗ್ತೈತಿ. ಕುಂತ ತುಳೀರಿ. ಏರು ಬರೂದಕ್ಕಿಂತ ಮೊದಲ ಗೇರ್ ಇಳಸ್ರಿ, ಬಂದ ಮ್ಯಾಲ ಇಳಸಿದ್ರ ಚೈನ್ ಕಳಚತೈತಿ" ಎಂದ. ಇಡೀ ಪ್ರವಾಸದಲ್ಲಿ ನಾನು ಕಲಿತ ವಿದ್ಯೆ ಇಷ್ಟೇ, ಆದರೆ ಪೂರ್ತಿ ಉಪಯೋಗಕ್ಕೆ ಬಂತು. ನಿಮ್ಮ ಕಡೆ ಎಲ್ಲ ಸಪಾಟು, ಸುಖ ಅಲ್ಲವೇ ಎಂದು ಕೇಳಿದ್ದಕ್ಕೆ ನಕ್ಕ. "ಸಪಾಟ ಖರೇ ರೀ. ಆದ್ರ ಎದುರ ಗಾಳಿ ಇರ್ತೈತಲ್ರಿ. ನಿಮ್ಮ... ಇಲ್ಲಿಯ ಏರಿಗೆ ತುದಿ ಅಂತ ಒಂದ ಐತಿ, ಗಾಳಿಗೆ ಇಲ್ಲ." ‘ನಿಮ್ಮ’ ಎಂದು ಹೇಳಿ ಅರ್ಧಕ್ಕೆ ನಿಲ್ಲಿಸಿದ್ದು ಯಾಕೆಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಜನವರಿಯ ಬೆಳಗ್ಗೆ, ಮಂಜು ಇನ್ನೂ ಎದ್ದಿರಲಿಲ್ಲ. ಹ್ಯಾಂಡ್‌ಪೋಸ್ಟ್ ದಾಟಿ ಮಂಗಳೂರು ರಸ್ತೆ ಹಿಡಿದೆವು. ನಾನು ತೊಟ್ಟದ್ದು ಒಳಗೆ ಮೆತ್ತೆ ಇಟ್ಟು ಹೊಲಿದ ಬಿಗಿ ಚಡ್ಡಿ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ. ನನ್ನನ್ನು ಹೆತ್ತ ತಾಯಿಯೂ ಗುರುತು ಹಿಡಿಯಲಾರಳೆಂಬ ಧೈರ್ಯವಿತ್ತು. ಬಣಕಲ್‌ನಲ್ಲಿ ಬಾಳೆಹಣ್ಣಿಗೆಂದು ಗುಂಪು ನಿಂತಾಗ ಅಂಗಡಿಯವರು ಗೊನೆಯಿಂದ ಕಣ್ಣೆತ್ತದೆ, "ಎಂತ ಗೌಡ್ರೇ, ಜೀಪು ಮಾರಿದ್ರಾ? ಕಾಫಿಗೆ ಇಷ್ಟು ರೇಟಿರೋವಾಗ!" ಎಂದರು. ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಕಳವಳವಿತ್ತು. ನಮ್ಮಲ್ಲಿ ಮನುಷ್ಯ ಜೀಪಿನಿಂದ ಸೈಕಲ್ಲಿಗೆ ಇಳಿಯುವುದು ಬ್ಯಾಂಕಿನವರು ಮನೆಗೆ ಬಂದ ಮೇಲೆಯೇ. ಗುಂಪಿನವರು ನನ್ನ ಮುಖ ನೋಡಿದರು. ಅಣ್ಣನ ಮಗಳು ಬಾಳೆಹಣ್ಣಿನ ಸಿಪ್ಪೆಯನ್ನು ಬಹಳ ಶ್ರದ್ಧೆಯಿಂದ ಸುಲಿಯತೊಡಗಿದಳು.

ಈ ಗುಂಪು ಪ್ರವಾಸ ಎಂಬ ವ್ಯವಸ್ಥೆಯನ್ನು ಇಂಗ್ಲೆಂಡಿನ ಥಾಮಸ್ ಕುಕ್ ಲೆಕ್ಕಕ್ಕೆ ಬರೆಯುತ್ತಾರೆ. 1841ರ ಜುಲೈ 5ರಂದು ತಲೆಗೆ ಒಂದು ಶಿಲಿಂಗಿನಂತೆ ಐನೂರರಷ್ಟು ಜನರನ್ನು ಲೆಸ್ಟರಿನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದನಂತೆ, ಕುಡಿತ ಬಿಡಿಸುವವರ ಸಭೆಗೆ. (ನಮ್ಮ ತಾಲ್ಲೂಕಿನಲ್ಲಿ ಆ ಉದ್ದೇಶಕ್ಕೆ ಒಂದು ಜೀಪೂ ತುಂಬುವುದಿಲ್ಲ.) ಆದರೆ ನಮಗೆ ಇದೇನೂ ಹೊಸತಲ್ಲ. ಪ್ರತಿ ಶಿವರಾತ್ರಿಗೆ ಮುಂಚೆ ಬಯಲುಸೀಮೆಯಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರ ಗುಂಪುಗಳು ಇದೇ ರಸ್ತೆಯಲ್ಲಿ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿ ಇಳಿಯುತ್ತವೆ. ಮುಂದೊಬ್ಬ ಹಾದಿ ಬಲ್ಲ ಹಿರಿಯ, ಹಿಂದೆ ಅಕ್ಕಿ, ಪಾತ್ರೆ, ಹಾಸಿಗೆ ಹೊತ್ತ ಟೆಂಪೊ, ನಡುವೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುವವರು. ನಮ್ಮ ಪ್ರವಾಸಕ್ಕೂ ಅದಕ್ಕೂ ಇರುವ ಅಂತರವೆಂದರೆ ನಮ್ಮ ವ್ಯಾನಿನಲ್ಲಿ ಅಕ್ಕಿಯ ಬದಲು ಚಿಕ್ಕಿ, ಒಆರ್‌ಎಸ್ ಪೊಟ್ಟಣ, ಪಂಕ್ಚರ್ ಸಾಮಾನು ಇತ್ತು. ಇನ್ನೊಂದು, ಅವರಿಗೆ ದಾರಿಯಲ್ಲಿ ಜನ ಕರೆದು ಮಜ್ಜಿಗೆ ಕೊಡುತ್ತಾರೆ; ನಮ್ಮನ್ನು ನೋಡಿ ನಾಯಿ ಬಿಡದಿದ್ದದ್ದೇ ಪುಣ್ಯ.

ಯಾವ ವ್ಯಾನೂ ಇಲ್ಲದೆ ಹೊರಟವರೂ ಇದ್ದರೆನ್ನಿ. 1923ರಲ್ಲಿ ಮುಂಬಯಿಯಿಂದ ಆರು ಜನ ಪಾರ್ಸಿ ಹುಡುಗರು ಸೈಕಲ್ ಮೇಲೆ ಪ್ರಪಂಚ ಸುತ್ತಲು ಹೋದರು, 1928ರಲ್ಲಿ ಸುತ್ತು ಮುಗಿಸಿ ಬಂದವರು ಮೂವರು. ಅಂಥವರ ಎದುರು ನಾವು ಯಾವ ಲೆಕ್ಕಕ್ಕೂ ಇಲ್ಲ. 2008ರಲ್ಲಿ ‘ಟೂರ್ ಆಫ್ ನೀಲಗಿರೀಸ್’ ಶುರುವಾದ ಮೇಲೆ ನಮ್ಮ ರಾಜ್ಯದಲ್ಲೂ ಗುಂಪಾಗಿ ಬೆಟ್ಟ ಹತ್ತುವ ಹುಚ್ಚು ಹಬ್ಬಿತು. ಅದರ ತೀರಾ ಸೌಮ್ಯವಾದ, ನಡುವಯಸ್ಸಿನವರಿಗೂ ತಡೆಯುವ ತಳಿ ನಮ್ಮದು.

ಗುಂಪು ಎಂದು ಕರೆಯುತ್ತೇವಾದರೂ ಗುಂಪು ಇರುವುದು ಹೋಟೆಲುಗಳಲ್ಲಿ ಮಾತ್ರ. ಮೊದಲ ಏರಿನಲ್ಲೇ ಅದು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಸಾಫ್ಟ್‌ವೇರಿನ ಇಬ್ಬರು ಹುಡುಗರು ತಿರುವಿನಲ್ಲಿ ಮಾಯ, ದಂತವೈದ್ಯ ದಂಪತಿ ಜಗಳವಾಡುತ್ತ ಮಧ್ಯದಲ್ಲಿ, ಕಡೆಗೆ ನಾನು, ನನ್ನ ಹಿಂದೆ ಕಾವಲಿನ ಹುಡುಗ. ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಮುಂದೆ ಎಲ್ಲರೂ ಮತ್ತೆ ಒಂದಾದೆವು. ಬಿಸಿ ಕಲ್ಲಿನಿಂದ ತೆಗೆದು ಮಡಚಿ ಹಾಕುತ್ತಿದ್ದ ದೋಸೆ ಯಾರ ತಟ್ಟೆಗೆ ಎಷ್ಟು ಬಿತ್ತೆಂದು ಎಣಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಗುಂಪಿನಲ್ಲಿದ್ದ ಇನ್ನೊಬ್ಬ ಹೆಂಗಸಿನ ಪರಿಚಯವಾದದ್ದು ಅಲ್ಲೇ. ನಿವೃತ್ತ ಅಧ್ಯಾಪಕಿ, ವಿಯೆಟ್ನಾಮಿನಲ್ಲಿ ಇಂಥದೇ ಸೈಕಲ್ ಪ್ರವಾಸ ಮಾಡಿ ಬಂದವರು. ಅಲ್ಲಿಯೂ ಗುಡ್ಡ, ಕಾಫಿ, ಇದೇ ಸೆಕೆ, ಇದೇ ಹಸಿರು, ಗೈಡು ಮಾತ್ರ ಬೇರೆ ಎಂದರು. ನನಗೆ ವಿಯೆಟ್ನಾಂ ಅಂದರೆ ನಕ್ಷೆಯಲ್ಲಿನ ದೇಶವಲ್ಲ, ರೇಟಿನ ಹೆಸರು. ಜಗತ್ತಿನಲ್ಲೇ ಅತಿ ಹೆಚ್ಚು ರೊಬಸ್ಟಾ ಬೆಳೆಯುವವರು ಅವರು, ಅದರ ದರ ನಿಗದಿಯಾಗುವುದು ಲಂಡನ್ನಿನಲ್ಲಿ, ಅದನ್ನು ಮೊಬೈಲಿನಲ್ಲಿ ನೋಡಿ ನಿಟ್ಟುಸಿರಿಡುವುದು ನಾವು. ಅಲ್ಲಿ ಮಳೆ ಕೈಕೊಟ್ಟರೆ ಮೂಡಿಗೆರೆಗೆ ಹೊಸ ಜೀಪು ಬರುತ್ತದೆ. ಆಕೆ ಆ ದೇಶದ ಬೆಳೆಗಾರರ ಮನೆಯಂಗಳದಲ್ಲಿ ಕೂತು ಕಾಫಿ ಕುಡಿದುಬಂದಿದ್ದರು. ಅವರೂ ಆಕಾಶ ನೋಡಿಯೇ ಮಾತು ಶುರುಮಾಡುತ್ತಾರಂತೆ.

ಬಾಳೂರಿನಿಂದಾಚೆಗೆ ರಸ್ತೆ ಕಿರಿದಾಗುತ್ತದೆ. ಈ ದಾರಿಯಲ್ಲಿ ನಾನು ಜೀಪಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಆದರೆ ಅದು ಏರುತ್ತದೆಂದು ಗೊತ್ತಿದ್ದದ್ದು ಎಂಜಿನ್ನಿಗೆ, ನನಗಲ್ಲ. ಸೈಕಲ್ಲಿನಲ್ಲಿ ರಸ್ತೆಯ ಪ್ರತಿ ಮೊಳವೂ ತೊಡೆಗೆ ಬಂದು ವರದಿ ಒಪ್ಪಿಸುತ್ತದೆ. ಪಲ್ಪರ್ ಮನೆಯ ಹುಳಿ ವಾಸನೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ, ಯಾವ ತೋಟದವರು ಮರಗಸಿ ಮಾಡಿಸಿ ಬಿಸಿಲು ಬಿಟ್ಟಿದ್ದಾರೆ, ಯಾವ ತಿರುವಿನಲ್ಲಿ ಬೆವರಿದ ಬೆನ್ನಿಗೆ ತಟ್ಟನೆ ಚಳಿ ಹೊಡೆಯುತ್ತದೆ, ಇವೆಲ್ಲ ಆ ವೇಗಕ್ಕೆ ಮಾತ್ರ ಸಿಗುವ ಸಂಗತಿಗಳು. ಜಾವಳಿಯ ಹತ್ತಿರ ಹುಟ್ಟುವ ಹೇಮಾವತಿ ಗೊರೂರಿಗೆ ಹೋಗಿ ಕಾವೇರಿಗೆ ಸೇರುತ್ತಾಳೆ. ಕಳಸದ ಭದ್ರೆ ತುಂಗೆಯೊಡನೆ ಕೂಡಿ ಕೃಷ್ಣೆಗೆ ಹೋಗುತ್ತಾಳೆ. ಅಂದರೆ ಈ ನಡುವಿನ ಯಾವುದೋ ಏರಿನ ನೆತ್ತಿಯಲ್ಲಿ ಮಳೆಹನಿ ಆ ಕಡೆಗೋ ಈ ಕಡೆಗೋ ಎಂದು ತೀರ್ಮಾನ ಮಾಡಬೇಕಾಗುತ್ತದೆ. ಶಾಲೆಯಲ್ಲಿ ಓದಿದ್ದ ಈ ವಿಷಯ ನಿಜವೆಂದು ನನಗೆ ಒಪ್ಪಿಗೆಯಾದದ್ದು, ಸಣ್ಣ ಗೇರಿನಲ್ಲಿ ಒದ್ದಾಡಿ ನೆತ್ತಿ ಮುಟ್ಟಿ, ಪೆಡಲು ತನ್ನಷ್ಟಕ್ಕೆ ಹಗುರಾದಾಗ. ಗೈಡಿಗೆ ಹೇಳಿಯೂ ಬಿಟ್ಟೆ. "ನಮ್ಮ ಕೃಷ್ಣಾಕ್ಕ ಸೇರ್ತೈತೇನ್ರಿ ಈ ನೀರು!" ಎಂದು ಅರಳಿದ. ಸೇರುತ್ತದೆ, ಆದರೆ ನಿಮ್ಮ ಜಿಲ್ಲೆ ದಾಟಿದ ಎಷ್ಟೋ ದೂರದ ಮೇಲೆ ಎಂದಾಗ ಸ್ವಲ್ಪ ಬೇಜಾರಾಯಿತು ಅವನಿಗೆ.

ಒಂದು ತಿರುವಿನಲ್ಲಿ ಎಲ್ಲರೂ ಫೋಟೋಕ್ಕೆ ನಿಂತಿದ್ದರು. ಎದುರಿನ ಗುಡ್ಡದಲ್ಲಿ ಕಾಡಿನ ನಡುವೆ ಮೇಲಿನಿಂದ ಕೆಳಗಿನವರೆಗೆ ಅಗಲವಾದೊಂದು ತಿಳಿಹಸಿರು ಪಟ್ಟೆ. ನಡುವೆ ನೀರಿನ ಎಳೆ. ಚೆನ್ನಾಗಿಯೇ ಕಾಣುತ್ತಿತ್ತು. ಅದು 2019ರ ಆಗಸ್ಟಿನ ಮಳೆಯಲ್ಲಿ ಗುಡ್ಡ ಜರಿದ ಜಾಗ. ಆ ವಾರ ಮಲೆಮನೆ, ಮಧುಗುಂಡಿ, ಚನ್ನಡ್ಲು, ಆಲೇಖಾನ್ ಹೊರಟ್ಟಿ ಕಡೆಗಳಲ್ಲಿ ಮನೆ, ಗದ್ದೆ, ತೋಟ ಮಣ್ಣಿನಡಿ ಹೋದವು. ಉಟ್ಟ ಬಟ್ಟೆಯಲ್ಲಿ ಎದ್ದು ಬಂದವರು ಎಷ್ಟೋ ಜನ. ಪಟ್ಟೆ ತಿಳಿಹಸಿರಾಗಿರುವುದು ಅಲ್ಲಿ ಮರಗಳಿಲ್ಲದೆ ಬರೀ ಹುಲ್ಲು, ಕುರುಚಲು ಎದ್ದಿರುವುದರಿಂದ. ಷರತ್ತಿನ ಪ್ರಕಾರ ನಾನು ಬಾಯಿ ಬಿಡುವಂತಿರಲಿಲ್ಲ. ಗುಂಪಿಗೆ ಹೇಳಲೂ ಇಲ್ಲ. ಸೆಲ್ಫಿ ತೆಗೆದುಕೊಳ್ಳುತ್ತಿರುವವರ ಎದುರು ಸಾವು ನೋವಿನ ಮಾತು ತೆಗೆಯುವ ಊರವನಿಗಿಂತ ಅನಿಷ್ಟ ಪ್ರಾಣಿ ಇನ್ನೊಂದಿಲ್ಲ. ಗೈಡ್ ಹುಡುಗನಿಗೆ ಮಾತ್ರ ಮೆತ್ತಗೆ ಹೇಳಿದೆ. ಅವನು ಗುಡ್ಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನೀವು ಇಲ್ಲಿಯವರ ಅಂತ ನನಗ ಬಣಕಲ್‌ಗಿಂತ ಮೊದಲ ಗೊತ್ತಿತ್ರಿ. ಮೂಡಿಗೇರ್ಯಾಗ ಎದುರ ಬಂದ ಪ್ರತಿ ಜೀಪಿಗೂ ಕೈ ಎತ್ತತಿದ್ರಿ" ಎಂದ.

ಮಧ್ಯಾಹ್ನಕ್ಕೆ ಒಂದು ತೋಟದಲ್ಲಿ ಊಟ. ಅಕ್ಕಿರೊಟ್ಟಿ, ಕಾಳಿನ ಸಾರು, ಬೆಲ್ಲದ ಕಪ್ಪು ಕಾಫಿ. ಕಣದ ತುಂಬ ರೊಬಸ್ಟಾ ಹಣ್ಣು ಹರವಿತ್ತು. ಒಂದು ಅಂಚಿನಲ್ಲಿ ನಿನ್ನೆ ಕೊಯ್ದ ಕೆಂಪು, ಇನ್ನೊಂದು ಅಂಚಿನಲ್ಲಿ ಒಣಗಿ ಕಪ್ಪಾದದ್ದು. ಹುಡುಗ ಕಣದ ಪಕ್ಕ ನಿಂತು ಹಣ್ಣಿನಿಂದ ಲೋಟದವರೆಗಿನ ಕಥೆ ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ. ಅಷ್ಟರಲ್ಲಿ ಮೇರುತಿ ಗುಡ್ಡದ ಕಡೆಯಿಂದ ಮೋಡ ಇಳಿಯಿತು. ಜನವರಿಯಲ್ಲಿ ಮೋಡ ಬರಬಾರದು. ಬಂದರೆ ಒಂದು ವರ್ಷದ ದುಡಿಮೆ ಕಣದಲ್ಲೇ ಬೂಷ್ಟು ಹಿಡಿಯುತ್ತದೆ, ಆ ವಾಸನೆ ಲೋಟದವರೆಗೂ ಹೋಗುತ್ತದೆ, ರೇಟು ಮಾತ್ರ ಅಲ್ಲಿಯವರೆಗೆ ಹೋಗದೆ ನಡುವೆಯೇ ಬೀಳುತ್ತದೆ. ಮೊದಲ ಹನಿ ಹೆಲ್ಮೆಟ್ಟಿನ ಮೇಲೆ ಟಪ್ಪೆಂದಾಗ ನಾನು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಕಣಕ್ಕೆ ಇಳಿದಿದ್ದೆ. ಯಾರ ತೋಟವೆಂದೂ ಕೇಳಲಿಲ್ಲ. ಅಸ್ಸಾಮಿನಿಂದ ಬಂದ ಕೆಲಸದವರು ಆಗಲೇ ಗೋರೆ ಹಿಡಿದು ಹಣ್ಣನ್ನು ಗುಡ್ಡೆಗೆ ಎಳೆಯುತ್ತಿದ್ದರು. "ಆ ಮೂಲೆ ಹಿಡೀರಿ! ಒಣಗಿದ್ದು ಮೊದ್ಲು, ಹಸಿದು ಆಮೇಲೆ!" ಎಂದು ಕೂಗುತ್ತಿದ್ದವನು ನಾನೇ ಎಂದು ಆಮೇಲೆ ಗೊತ್ತಾಯಿತು. ದಂತವೈದ್ಯರು ಟಾರ್ಪಾಲಿನ ಒಂದು ತುದಿ ಎಳೆದರು, ಅಧ್ಯಾಪಕಿ ಕಲ್ಲು ಹೇರಿದರು, ಸಾಫ್ಟ್‌ವೇರ್ ಹುಡುಗರಲ್ಲಿ ಒಬ್ಬ ವಿಡಿಯೊ ಮಾಡಿದ. ಐದೇ ನಿಮಿಷದಲ್ಲಿ ಎಲ್ಲ ಮುಚ್ಚಿಯಾಯಿತು. ಆರನೇ ನಿಮಿಷಕ್ಕೆ ಬಿಸಿಲು ಬಂತು. ತೋಟದ ಯಜಮಾನರು ಬಂದು ನನ್ನ ಚಡ್ಡಿಯನ್ನೂ ಮುಖವನ್ನೂ ನೋಡಿ, "ನೀವು ಎಲ್ಲಿಯವರಾಯ್ತು?" ಎಂದರು. ನಾನು ಹೇಳಿದೆ. ಅವರು ತಮ್ಮ ಹೆಂಡತಿಯ ತವರಿನ ಕಡೆಯಿಂದ ಲೆಕ್ಕ ಹಾಕಿ ಎರಡು ನಿಮಿಷದಲ್ಲಿ ನಮಗೆ ಭಾವನಾಗಿಬಿಟ್ಟರು. ಆಮೇಲಿನ ದಾರಿಯಲ್ಲಿ ಗುಂಪಿನವರು ನನ್ನನ್ನು ಕೇಳದ ಪ್ರಶ್ನೆ ಇಲ್ಲ. ಹಾರುವ ಓತಿಯೂ ಬಂತು.

ಕೆಳಗೂರಿನ ಟೀ ತೋಟ ದಾಟಿ ಕಳಸಕ್ಕೆ ಇಳಿಯುವ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಕಣ್ಣೆಲ್ಲ ರಸ್ತೆಯ ಜಲ್ಲಿಯ ಮೇಲೆ, ಜೀವ ಎರಡೂ ಬ್ರೇಕಿನ ಮೇಲೆ. ಕಳಸದ ಹತ್ತಿರದ ಅಡಿಕೆ ತೋಟಗಳ ಎಲೆಚುಕ್ಕಿ ರೋಗವನ್ನು ಮಾತ್ರ ಆ ಓಟದಲ್ಲೂ ಕಾಣದೆ ಇರಲಾಗಲಿಲ್ಲ. ಮರುದಿನ ಅಂಬುತೀರ್ಥಕ್ಕೆ ಹೋದೆವು. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಶಾಸನವಿರುವ ದೊಡ್ಡ ಬಂಡೆ ಭದ್ರೆಯ ನಡುವೆ ಇದೆ. "ಈ ಏರಿನ್ಯಾಗ ತಂದ್ರೇನ್ರಿ?" ಎಂದು ಹುಡುಗ ಬಹಳ ಹೊತ್ತು ಅದನ್ನೇ ನೋಡಿದ. ಹೊರನಾಡಿನಲ್ಲಿ ಅಮ್ಮನವರ ಊಟ ಮುಗಿಸಿ ಬಂದು ಸೈಕಲ್ಲುಗಳನ್ನು ವ್ಯಾನಿಗೆ ಹೇರಿದ ಮೇಲೆ ಎಲ್ಲರಿಗೂ ಒಂದೊಂದು ಅಭಿಪ್ರಾಯದ ಹಾಳೆ ಕೊಟ್ಟ. ಸೈಕಲ್ಲು ಹೇಗಿತ್ತು, ಊಟ ಹೇಗಿತ್ತು, ಗೈಡು ಹೇಗಿದ್ದ, ಐದರಲ್ಲಿ ಅಂಕ ಕೊಡಬೇಕು. ಗೈಡಿಗೆ ಐದು ಕೊಟ್ಟೆ. ಊಟಕ್ಕೆ ನಾಲ್ಕು, ರೊಟ್ಟಿ ಪೂರ್ತಿ ತಿನ್ನಲಾಗಿರಲಿಲ್ಲ. ಕಡೆಯ ಪ್ರಶ್ನೆ, ‘ಸ್ಥಳೀಯ ಜನರ ನಡವಳಿಕೆ ಹೇಗಿತ್ತು?’ ಯೋಚಿಸಿ ಮೂರು ಎಂದು ಬರೆದೆ. ಟಾರ್ಪಾಲು ಎಳೆದದ್ದಕ್ಕೆ ಇನ್ನರ್ಧ ಸೇರಿಸೋಣವೆಂದರೆ ಹಾಳೆಯಲ್ಲಿ ಅರ್ಧಕ್ಕೆ ಜಾಗವಿರಲಿಲ್ಲ.