ಬ್ಯಾಕಪ್ ಇದೆ, ರಿಸ್ಟೋರ್ ಎಲ್ಲಿಗೆ?

ಡ್ರೋನ್ ಮೇಲೆ ಮಿನಿ ಪ್ರಾಜೆಕ್ಟ್ ಏನು ಮಾಡೋಣ ಅಂತ ಹುಡುಕ್ತಾ ಇದ್ದಾಗ ನನಗೆ ಅಕಿಕಿಕಿ ಸಿಕ್ಕಿತು. ಹೆಸರು ಓದಿ ನಗು ಬಂತು. ಮುಂದೆ ಓದ್ತಾ ಹೋದ ಹಾಗೆ ನಗು ನಿಂತುಹೋಯಿತು.

ಅಕಿಕಿಕಿ ಹವಾಯಿಯ ಕವಾಯಿ ದ್ವೀಪದ ಹಾಡುಹಕ್ಕಿ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಬೆನ್ನು ಬೂದು, ಹೊಟ್ಟೆ ಬಿಳಿ, ಕೊಕ್ಕು ಗುಲಾಬಿ. ತೂಕ ಹೆಚ್ಚುಕಮ್ಮಿ ಮೂರು ಎ4 ಹಾಳೆಯಷ್ಟು. ಮರದ ಕಾಂಡದ ಮೇಲೆ ಓಡಾಡ್ತಾ ತೊಗಟೆ ಸಂದಿಯ ಹುಳ ಹೆಕ್ಕಿ ತಿನ್ನುತ್ತೆ. 2023ರಲ್ಲಿ ಕಾಡಿನಲ್ಲಿ ಗೊತ್ತಿದ್ದ ಅಕಿಕಿಕಿಗಳು ಐದೇ ಐದು. ಈಗ ಬಹುಶಃ ಒಂದೂ ಇಲ್ಲ.

ಮುಖ್ಯ ಕಾರಣ ಸೊಳ್ಳೆ. ಹವಾಯಿಯಲ್ಲಿ ಮೊದಲು ಸೊಳ್ಳೆಯೇ ಇರಲಿಲ್ಲವಂತೆ! 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಯಲ್ಲಿ ಬಂತು. ಹಕ್ಕಿಗಳಿಗೆ ತಗಲುವ ಮಲೇರಿಯಾ ಆಮೇಲೆ ಬಂತು. ಅದನ್ನು ತಡೆಯೋ ಶಕ್ತಿ ಅಲ್ಲಿನ ಹಕ್ಕಿಗಳಿಗೆ ಇರಲಿಲ್ಲ. ಅಲಕಾಯಿ ಪ್ರಸ್ಥಭೂಮಿಯ ಚಳಿಗೆ ಸೊಳ್ಳೆ ಬದುಕುತ್ತಿರಲಿಲ್ಲ, ಹಾಗಾಗಿ ಅಕಿಕಿಕಿ ಅಲ್ಲಿ ಉಳಿದುಕೊಂಡಿತ್ತು. ಭೂಮಿ ಬಿಸಿಯಾದ ಹಾಗೆ ಸೊಳ್ಳೆ ಬೆಟ್ಟ ಹತ್ತಿತು. ಕವಾಯಿಯ ಅತಿ ಎತ್ತರದ ಶಿಖರವೇ 1,600 ಮೀಟರ್ ಮುಟ್ಟಲ್ಲ. ಹಕ್ಕಿ ಇನ್ನೆಲ್ಲಿಗೆ ಹತ್ತಬೇಕು?

2015ರಿಂದ ಗೂಡುಗಳ ಮೊಟ್ಟೆ ತಂದು, ಮರಿ ಮಾಡಿಸಿ, ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದರು. ನಮ್ಮ ಭಾಷೇಲಿ ಹೇಳೋದಾದ್ರೆ ಬ್ಯಾಕಪ್. ಅದಕ್ಕೂ ಗ್ಯಾರಂಟಿ ಇಲ್ಲ. 2023ರ ಆಗಸ್ಟಿನಲ್ಲಿ ಮೌಯಿ ದ್ವೀಪದ ಕಾಳ್ಗಿಚ್ಚು ಅಲ್ಲಿನ ಕೇಂದ್ರದ ಹತ್ತಿರಕ್ಕೇ ಬಂದಿತ್ತು. ತೋಟಕ್ಕೆ ನೀರು ಬಿಡೋ ಪೈಪ್ ಹಿಡಿದು ಅಲ್ಲಿದ್ದವರೇ ಆರಿಸಿದರು. ಹಕ್ಕಿಗಳು ಉಳಿದವು. ಆದರೆ ಸೊಳ್ಳೆ ಇರೋ ತನಕ ಅವನ್ನು ಕಾಡಿಗೆ ಬಿಡೋ ಹಾಗಿಲ್ಲ.

ಡ್ರೋನ್ ಬರೋದು ಇಲ್ಲಿ. ಕಾಡಿನ ಸೊಳ್ಳೆಗಳಲ್ಲಿರುವುದಕ್ಕಿಂತ ಬೇರೆ ತಳಿಯ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಇರೋ ಗಂಡು ಸೊಳ್ಳೆಗಳನ್ನು ಲ್ಯಾಬಿನಲ್ಲಿ ಬೆಳೆಸಿ ಕಾಡಿಗೆ ಬಿಡ್ತಾರೆ. ಗಂಡು ಸೊಳ್ಳೆ ಕಚ್ಚಲ್ಲ. ಅದರ ಜೊತೆ ಕೂಡಿದ ಹೆಣ್ಣು ಇಡೋ ಮೊಟ್ಟೆಯಿಂದ ಮರಿ ಬರಲ್ಲ. ಬಿಡ್ತಾ ಬಿಡ್ತಾ ಸೊಳ್ಳೆ ಸಂಖ್ಯೆ ಇಳಿಯಬೇಕು ಅನ್ನೋದು ಲೆಕ್ಕ. ಮೊದಲು ಹೆಲಿಕಾಪ್ಟರಿನಿಂದ ಬಿಡ್ತಿದ್ದರು, 2025ರಲ್ಲಿ ಡ್ರೋನ್ ಶುರುವಾಯಿತು.

ನಮಗೆ ಸಬ್ಮಿಷನ್ ಡೇಟ್ ದಾಟಿದ್ರೆ ಸರ್ ಹತ್ತಿರ ಹೋಗಿ ಇನ್ನೆರಡು ದಿನ ಕೇಳ್ತೀವಿ, ಸಾಮಾನ್ಯವಾಗಿ ಸಿಗುತ್ತೆ. ಕಾಡಿನ ಆ ಐದು ಹಕ್ಕಿಗಳಿಗೆ ಡ್ರೋನ್ ಎರಡು ವರ್ಷ ತಡವಾಯಿತು. ಒಳ್ಳೆ ಐಡಿಯಾ, ಒಳ್ಳೆ ಎಂಜಿನಿಯರಿಂಗ್, ಎಲ್ಲ ಇದ್ದೂ ತಡ. ನನಗೆ ತಲೇಲಿ ಕೊರೀತಾ ಇರೋದು ಅದೇ.

ಅದೇ ಕಾಡಿನಲ್ಲಿ ಅಕೆಕೆಎ ಅನ್ನೋ ಇನ್ನೊಂದು ಪುಟ್ಟ ಹಕ್ಕಿ ಇದೆ. ಅದೂ ಕೆಲವೇ ಉಳಿದಿವೆ. ಈ ಸಲವಾದರೂ ಡ್ರೋನ್ ಟೈಮಿಗೆ ಮುಟ್ಟಲಿ.