ಹೊಸ ಹಾರ್ಡ್ ಡಿಸ್ಕಿಗೆ ಮೊದಲ ಪಾಠ

ಅಂಗಡಿಯಿಂದ ಆಗಷ್ಟೇ ತಂದ ಹಾರ್ಡ್ ಡಿಸ್ಕಿನೊಳಗೆ ಏನಿರುತ್ತದೆ? ಶಾಲೆಗಳಿಗೆ ಹೋದಾಗ ನಾನು ಈ ಪ್ರಶ್ನೆಯನ್ನು ಕೇಳುವುದುಂಟು. "ವಿಂಡೋಸ್ ಇರುತ್ತದೆ ಸಾರ್" ಎಂದು ಕೆಲವರು ಹೇಳುತ್ತಾರೆ. "ಗೇಮ್ಸ್ ಇರುತ್ತವೆ" ಎಂದು ಹಿಂದಿನ ಬೆಂಚಿನಿಂದ ಪಿಸುಗುಟ್ಟುತ್ತಾರೆ. "ಏನೂ ಇರುವುದಿಲ್ಲ" ಎನ್ನುವವರು ಕಡಿಮೆ. ಆದರೆ ಸರಿಯಾದ ಉತ್ತರ ಅದೇ. ಅಂಥ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದು ಬಿಳಿ ಸಾಲು ಮೂಡುತ್ತದೆ. ಕಾರ್ಯಾಚರಣ ವ್ಯವಸ್ಥೆ ಸಿಗುತ್ತಿಲ್ಲ ಎಂಬುದು ಅದರ ಅರ್ಥ. ಆಮೇಲೆ ಕೀಲಿಮಣೆಯನ್ನು ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ.

ಕಾರ್ಯಾಚರಣ ವ್ಯವಸ್ಥೆ ಎಂದರೆ ನೀವು ಕೇಳಿರುವ ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನಲ್ಲಿ ಒಂದೇ ಹೊತ್ತಿಗೆ ಹತ್ತಾರು ಕೆಲಸಗಳು ನಡೆಯುತ್ತಿರುತ್ತವೆ. ಯಾವ ಕೆಲಸಕ್ಕೆ ಈಗ ಸರದಿ, ಯಾವುದಕ್ಕೆ ಎಷ್ಟು ಸ್ಮೃತಿ, ಒತ್ತಿದ ಕೀಲಿ ಯಾವ ತಂತ್ರಾಂಶಕ್ಕೆ ತಲುಪಬೇಕು, ಉಳಿಸಿದ ಕಡತ ಡಿಸ್ಕಿನ ಯಾವ ಮೂಲೆಯಲ್ಲಿ ಕೂರಬೇಕು ಎಂಬುದನ್ನೆಲ್ಲ ಗೊತ್ತುಮಾಡುವುದು ಇದೇ. ಇದಿಲ್ಲದಿದ್ದರೆ ಚಿತ್ರ ಬಿಡಿಸುವ ತಂತ್ರಾಂಶವೂ ಇಲ್ಲ, ಲೆಕ್ಕದ ಹಾಳೆಯೂ ಇಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಿಂದ ಕರೆ ಬಂತು. ಅಲ್ಲಿದ್ದುದು ಒಂದೇ ಕಂಪ್ಯೂಟರು. ಅದು "ಟಿಕ್... ಟಿಕ್..." ಎಂದು ಗೋಡೆಯ ಹಲ್ಲಿಯಂತೆ ಸದ್ದು ಮಾಡುತ್ತ ನಿಂತುಬಿಟ್ಟಿತ್ತು. ಹಾರ್ಡ್ ಡಿಸ್ಕು ಕೆಟ್ಟಿತ್ತು. ಆ ಶಾಲೆಯ ಮಕ್ಕಳು 2019ರ ಜೂನ್‌ನಿಂದ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆ ಅಳೆಯುತ್ತಿದ್ದಾರೆ. ಭಾರತೀಯ ಹವಾಮಾನ ಇಲಾಖೆ ಮಳೆ ಅಳೆಯುವ ಸಮಯವೂ ಅದೇ. ಅಳತೆಗಳನ್ನು ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸುತ್ತಿದ್ದರು. 2023ರಿಂದ ಪುಸ್ತಕ ಬಿಟ್ಟು ನೇರವಾಗಿ ಕಂಪ್ಯೂಟರಿನಲ್ಲೇ ತುಂಬುತ್ತಿದ್ದರು. ಎರಡು ಮಳೆಗಾಲಗಳ ಅಂಕಿಗಳು ಆ ಟಿಕ್ ಟಿಕ್ ಡಬ್ಬಿಯೊಳಗೆ ಸಿಕ್ಕಿಕೊಂಡಿದ್ದವು.

ಬೇರೆ ಕಂಪ್ಯೂಟರಿಗೆ ಜೋಡಿಸಿ ನೋಡಿದೆವು. ಅಲ್ಲೂ ಅದೇ ಸದ್ದು. "ಬಿಚ್ಚಿ ನೋಡೋಣ ಸಾರ್" ಎಂದು ಹುಡುಗರು ಸ್ಕ್ರೂಡ್ರೈವರ್ ಹಿಡಿದೇ ನಿಂತಿದ್ದರು. ನಾನು ಒಪ್ಪಲಿಲ್ಲ. ಏಕೆ ಎಂಬುದು ತಿಳಿಯಬೇಕಾದರೆ ಡಿಸ್ಕಿನ ಒಳಗನ್ನು ನೋಡಬೇಕು. ಅದಕ್ಕೆಂದೇ ಎಂದೋ ಕೆಟ್ಟುಹೋದ, ಮುಚ್ಚಳ ತೆಗೆದ ಒಂದು ಡಿಸ್ಕು ನನ್ನ ಚೀಲದಲ್ಲಿ ಸದಾ ಇರುತ್ತದೆ.

ಒಳಗೆ ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳಿವೆ. ಅವುಗಳ ಮೇಲೆ ತೆಳುವಾದ ಕಾಂತೀಯ ಲೇಪ. ಲೇಪದ ಅತಿ ಚಿಕ್ಕ ಚಿಕ್ಕ ಭಾಗಗಳನ್ನು ಈ ದಿಕ್ಕಿಗೋ ಆ ದಿಕ್ಕಿಗೋ ಕಾಂತೀಕರಿಸಿ 0 ಮತ್ತು 1ಗಳನ್ನು ಬರೆಯುತ್ತಾರೆ. ಓದುವ, ಬರೆಯುವ ಕೆಲಸ ಒಂದು ತೋಳಿನ ತುದಿಯಲ್ಲಿರುವ ಪುಟ್ಟ ತಲೆಯದು. ಸಾಮಾನ್ಯ ಮೇಜಿನ ಕಂಪ್ಯೂಟರಿನಲ್ಲಿ ಬಿಲ್ಲೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 120 ಸುತ್ತು. ಬಿಲ್ಲೆಯ ಸುತ್ತಳತೆ ಸುಮಾರು 30 ಸೆಂ.ಮೀ. ಹಾಗಾದರೆ ಅದರ ಅಂಚು ಸೆಕೆಂಡಿಗೆ 36 ಮೀಟರ್, ಗಂಟೆಗೆ ಸುಮಾರು 130 ಕಿ.ಮೀ. ಓಡುತ್ತದೆ. ನಿಮ್ಮೂರಿನ ಬಸ್ಸು ಯಾವತ್ತಾದರೂ ಇಷ್ಟು ವೇಗವಾಗಿ ಹೋಗಿದೆಯೇ?

ಇಷ್ಟು ವೇಗದಲ್ಲಿ ತಿರುಗುವ ಬಿಲ್ಲೆಯನ್ನು ತಲೆ ಮುಟ್ಟುವುದಿಲ್ಲ. ಗಾಳಿಯ ಪದರದ ಮೇಲೆ ತೇಲುತ್ತದೆ. ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರ್‌ಗಳಿವೆ. ನಮ್ಮ ತಲೆಗೂದಲಿನ ದಪ್ಪವೇ 50 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್. ಕಣ್ಣಿಗೆ ಕಾಣದ ಧೂಳಿನ ಕಣ ಕೂಡ ಆ ಸಂದಿಗೆ ಹೆಬ್ಬಂಡೆ. ತರಗತಿಯಲ್ಲಿ ಮುಚ್ಚಳ ತೆಗೆದರೆ ಬಿಲ್ಲೆಯ ಮೇಲೆ ಅಂಥ ಸಾವಿರಾರು ಬಂಡೆಗಳು ಬೀಳುತ್ತವೆ. ಧೂಳಿಲ್ಲದ ಕೋಣೆಗಳಲ್ಲಿ ಇಂಥ ಡಿಸ್ಕುಗಳಿಂದ ಮಾಹಿತಿ ತೆಗೆದುಕೊಡುವವರು ಇದ್ದಾರೆ. ಆದರೆ ಅದಕ್ಕೆ ಸಾವಿರಾರು ರೂಪಾಯಿ ಬೇಕು, ಶಾಲೆಯ ಬಳಿ ಅಷ್ಟು ಹಣವಿರಲಿಲ್ಲ. ಮುಂದೆಂದಾದರೂ ಆದೀತು ಎಂದು ಮುಖ್ಯ ಶಿಕ್ಷಕಿಯವರು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹುಡುಗರಿಗೆ ನಿರಾಸೆಯಾಯಿತು, ಸಹಜವೇ.

ಹಳೆಯ ವಿದ್ಯಾರ್ಥಿಯೊಬ್ಬರು 1 ಟೆರಾಬೈಟ್‌ನ ಹೊಸ ಡಿಸ್ಕು ಕೊಡಿಸಿದರು. ಅಂಗೈಯಗಲದ ಪೆಟ್ಟಿಗೆ. 1956ರಲ್ಲಿ ಐಬಿಎಂ ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ 50 ಬಿಲ್ಲೆಗಳಿದ್ದವು. ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಹೊಸ ಡಿಸ್ಕಿನದು ಒಂದು ಲಕ್ಷ ಕೋಟಿ ಬೈಟ್. ಅಂದರೆ ಸುಮಾರು ಎರಡು ಲಕ್ಷ ಪಟ್ಟು! ಈಗ ತಿರುಗುವ ಬಿಲ್ಲೆಯೇ ಇಲ್ಲದ, ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗಳೂ ಬಂದಿವೆ. ಅವು ಇನ್ನೂ ಚುರುಕು. ನಮಗೆ ಸಿಕ್ಕಿದ್ದು ಬಿಲ್ಲೆಯದೇ.

ಜೋಡಿಸುವ ಕೆಲಸ ಕಷ್ಟದ್ದಲ್ಲ. ಮೊದಲು ವಿದ್ಯುತ್ ತಂತಿಯನ್ನು ಗೋಡೆಯಿಂದಲೇ ಕಿತ್ತೆವು. ಒಳಗೆ ಕೈಹಾಕುವ ಮುನ್ನ ಪೆಟ್ಟಿಗೆಯ ಲೋಹದ ಚೌಕಟ್ಟನ್ನು ಎಲ್ಲರೂ ಮುಟ್ಟಿದೆವು. ಒಣ ಕೂದಲು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವುದನ್ನು ನೀವು ಮಾಡಿ ನೋಡಿದ್ದೀರಲ್ಲ, ಆ ಸ್ಥಿರವಿದ್ಯುತ್ತು ನಮ್ಮ ಮೈಮೇಲೂ ಇರಬಹುದು. ನಮಗೆ ಗೊತ್ತೇ ಆಗದಷ್ಟು ಚಿಕ್ಕ ಕಿಡಿ ಚಿಪ್ಪಿಗೆ ಮಾರಕ. ನಾಲ್ಕು ಸ್ಕ್ರೂ, ಎರಡು ಕೇಬಲ್: ಒಂದು ವಿದ್ಯುತ್ತಿಗೆ, ಒಂದು ಮಾಹಿತಿಗೆ. ಅಷ್ಟೇ.

ಪೆಟ್ಟಿಗೆಯೊಳಗೆ ನಾಣ್ಯದಂಥ ಒಂದು ಬ್ಯಾಟರಿಯೂ ಇತ್ತು. ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ ಎಂದು ಅದರಲ್ಲೇ ಹೇಳಿದೆ, ನೋಡಿ! ಕಂಪ್ಯೂಟರ್ ಆರಿದ್ದಾಗಲೂ ಅದರ ಗಡಿಯಾರ ನಡೆಯುವುದು ಇದರಿಂದ. ಬ್ಯಾಟರಿ ಸತ್ತಿದ್ದರಿಂದ ಕಂಪ್ಯೂಟರು ತನ್ನ ಹುಟ್ಟಿನ ಕಾಲದ ತಾರೀಖನ್ನೇ ತೋರಿಸುತ್ತಿತ್ತು. ಮಳೆಯ ಪಟ್ಟಿಗೆ ತಾರೀಖು ತಪ್ಪಿದರೆ ಏನು ಉಳಿಯಿತು? ಅದನ್ನೂ ಬದಲಿಸಿದೆವು.

ಇನ್ನು ಕಾರ್ಯಾಚರಣ ವ್ಯವಸ್ಥೆ. ನಾವು ಆರಿಸಿಕೊಂಡದ್ದು ಉಬುಂಟು ಎಂಬ ಲಿನಕ್ಸ್. ವಿಂಡೋಸ್‌ಗೆ ಹಣ ಕೊಡಬೇಕು. ಆ ಕಂಪ್ಯೂಟರಿನಲ್ಲಿದ್ದ ವಿಂಡೋಸ್ 7ಕ್ಕಂತೂ 2020ರ ಜನವರಿಯಲ್ಲೇ ಕಂಪನಿಯ ಬೆಂಬಲ ನಿಂತಿತ್ತು. ಲಿನಕ್ಸನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು, ಬಿಚ್ಚಿ ನೋಡಿ ತಿದ್ದಲೂಬಹುದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ಇದರ ತಿರುಳನ್ನು ಬರೆಯಲು ತೊಡಗಿದರು. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಅಮೆರಿಕದಲ್ಲಿ ಸ್ವತಂತ್ರ ತಂತ್ರಾಂಶದ ಯೋಜನೆ ಸಾರಿದ್ದರು. ಎರಡೂ ಸೇರಿ ಪೂರ್ಣ ವ್ಯವಸ್ಥೆ ಆಯಿತು. ನಮ್ಮ ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಇಂಥ ತಂತ್ರಾಂಶದಲ್ಲೇ.

ಉಬುಂಟುವನ್ನು ಒಂದು ಪೆನ್‌ಡ್ರೈವಿನಲ್ಲಿ ಸಿದ್ಧಮಾಡಿ ಒಯ್ದಿದ್ದೆ. ಇಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಒಳ್ಳೆಯ ಪ್ರಶ್ನೆ ಕೇಳಿದಳು. "ಸಾರ್, ಡಿಸ್ಕಿನಿಂದ ಓದುವುದು ಹೇಗೆ ಎಂದು ಗೊತ್ತಿರುವುದು ಕಾರ್ಯಾಚರಣ ವ್ಯವಸ್ಥೆಗೆ. ಆದರೆ ಅದೇ ಡಿಸ್ಕಿನೊಳಗೆ ಮಲಗಿರುತ್ತದಲ್ಲ! ಅದನ್ನು ಎಬ್ಬಿಸುವವರು ಯಾರು?"

ಗೋಪುರದಲ್ಲಿ ಸೆರೆಯಾಗಿದ್ದ ಮಂತ್ರಿಯ ಕಥೆ ನಿಮಗೆ ಗೊತ್ತಿರಬೇಕು. ಅವನ ಹೆಂಡತಿ ಜೀರುಂಡೆಯ ಕಾಲಿಗೆ ರೇಷ್ಮೆ ಎಳೆ ಕಟ್ಟಿ ಗೋಡೆ ಹತ್ತಿಸಿದಳು. ಎಳೆಯಿಂದ ದಾರ, ದಾರದಿಂದ ಹುರಿ, ಹುರಿಯಿಂದ ಹಗ್ಗ ಮೇಲೇರಿತು. ಕಂಪ್ಯೂಟರಿನಲ್ಲಿ ನಡೆಯುವುದೂ ಹೀಗೆಯೇ. ಮುಖ್ಯ ಫಲಕದ ಒಂದು ಚಿಪ್ಪಿನಲ್ಲಿ ಬಯೋಸ್ ಎಂಬ ಚಿಕ್ಕ ತಂತ್ರಾಂಶ ಕಾಯಂ ಆಗಿ ಕೂತಿರುತ್ತದೆ. ಗುಂಡಿ ಒತ್ತಿದೊಡನೆ ಅದು ಸ್ಮೃತಿ, ಕೀಲಿಮಣೆ ಮೊದಲಾದವು ಸರಿಯಿವೆಯೇ ಎಂದು ಹಾಜರಿ ಕರೆಯುತ್ತದೆ. ಆಮೇಲೆ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಓದುತ್ತದೆ. ಹಳೆಯ ಮಾದರಿಯ ಆ ಕಂಪ್ಯೂಟರಿನಲ್ಲಿ ಇದರೊಳಗೆ ತಂತ್ರಾಂಶಕ್ಕೆ ಮೀಸಲಾದ ಜಾಗ 446 ಬೈಟ್ ಮಾತ್ರ. ಯೂನಿಕೋಡ್‌ನಲ್ಲಿ ಉಳಿಸಿದಾಗ ಕನ್ನಡದ ಒಂದು 'ಕ' ಸಾಮಾನ್ಯವಾಗಿ 3 ಬೈಟ್ ಹಿಡಿಯುತ್ತದೆ. ಅಂದರೆ ಆ ಜಾಗದಲ್ಲಿ ಈ ಪ್ಯಾರಾದ ಎರಡು ಮೂರು ವಾಕ್ಯಗಳಷ್ಟೇ ಹಿಡಿಸುತ್ತವೆ. ಇಷ್ಟು ಪುಟ್ಟ ತಂತ್ರಾಂಶಕ್ಕಿರುವುದು ಒಂದೇ ಕೆಲಸ, ತನಗಿಂತ ದೊಡ್ಡ ಇನ್ನೊಂದನ್ನು ಕರೆತರುವುದು. ಆ ಇನ್ನೊಂದು ಲಿನಕ್ಸಿನ ತಿರುಳನ್ನು ಎಳೆದು ತರುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಯುಇಎಫ್‌ಐ ಎಂಬ ಬೇರೆ ಏರ್ಪಾಡಿದೆ, ಆದರೆ ಎಳೆಯಿಂದ ಹಗ್ಗದವರೆಗಿನ ಉಪಾಯ ಬದಲಾಗಿಲ್ಲ.

ಮೊದಲು ಪೆನ್‌ಡ್ರೈವನ್ನೇ ನೋಡು ಎಂದು ಬಯೋಸ್‌ಗೆ ಹೇಳಿ ಆರಂಭಿಸಿದೆವು. ಅರ್ಧಕ್ಕೆ ಕರೆಂಟು ಹೋದರೆ ಗತಿಯೇನು ಎಂಬುದು ಎಲ್ಲರ ಚಿಂತೆ. ಯುಪಿಎಸ್ಸಿನ ಬ್ಯಾಟರಿ ಎಂದೋ ಕೈಕೊಟ್ಟಿತ್ತು. ಹೋದರೆ ಮತ್ತೆ ಮೊದಲಿನಿಂದ ಶುರು, ಖಾಲಿ ಡಿಸ್ಕಿನಲ್ಲಿ ಕಳೆದುಕೊಳ್ಳಲು ಏನಿದೆ ಎಂದು ಹೇಳಿದೆ. ಆದರೂ ಪ್ರತಿ ಸಲ ಬಲ್ಬು ಮಿಣುಕಿದಾಗ ಇಡೀ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು.

ಡಿಸ್ಕಿನ ಅಳತೆ ಪರದೆಯ ಮೇಲೆ ಬಂದಾಗ ಗದ್ದಲವಾಯಿತು. ಪೆಟ್ಟಿಗೆಯ ಮೇಲೆ 1 ಟೆರಾಬೈಟ್, ಅಂದರೆ 1000 ಗಿಗಾಬೈಟ್. ಪರದೆಯ ಮೇಲೆ 931! "ಅಂಗಡಿಯವನು ಮೋಸ ಮಾಡಿದ" ಎಂದ ಒಬ್ಬ. ಮೋಸವಲ್ಲ. ಡಿಸ್ಕು ಮಾಡುವವರ ಗಿಗಾಬೈಟ್ ಎಂದರೆ ಸರಿಯಾಗಿ 100 ಕೋಟಿ ಬೈಟ್. ಎರಡರ ಲೆಕ್ಕದಲ್ಲೇ ಎಣಿಸುವ ಕಂಪ್ಯೂಟರಿಗೆ ಅನೇಕ ಕಡೆ ಗಿಗಾಬೈಟ್ ಎಂದರೆ 1024 × 1024 × 1024. ಗುಣಿಸಿ ನೋಡಿ, 107 ಕೋಟಿಗೂ ಹೆಚ್ಚು ಬರುತ್ತದೆ. ಸೇರು ದೊಡ್ಡದಾದರೆ ಅದೇ ರಾಶಿಯಲ್ಲಿ ಸೇರುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅಲ್ಲವೇ? 500 ಗಿಗಾಬೈಟಿನ ಡಿಸ್ಕು ಪರದೆಯ ಮೇಲೆ ಎಷ್ಟು ತೋರಿಸೀತು? ನೀವೇ ಲೆಕ್ಕ ಹಾಕಿ.

ಮುಂದಿನದು ಡಿಸ್ಕನ್ನು ಹಸನು ಮಾಡುವ ಹಂತ. ಜಮೀನಿಗೆ ಸರ್ವೆ ಕಲ್ಲು ನೆಟ್ಟು ಹಿಸ್ಸೆ ಮಾಡುವುದನ್ನು ಹಳ್ಳಿಯ ಮಕ್ಕಳು ನೋಡಿರುತ್ತೀರಿ. ಡಿಸ್ಕಿಗೂ ಹಾಗೆಯೇ ಹಿಸ್ಸೆ ಮಾಡಬೇಕು. ಆಮೇಲೆ ಪ್ರತಿ ಹಿಸ್ಸೆಗೂ ಒಂದು ಪಹಣಿ ಬೇಕು. ಯಾವ ಕಡತ ಯಾವ ತುಂಡಿನಲ್ಲಿದೆ ಎಂಬುದು ಆ ಪಹಣಿಯಲ್ಲಿರುತ್ತದೆ. ಇದನ್ನು ಸಿದ್ಧಪಡಿಸುವುದೇ ಫಾರ್ಮ್ಯಾಟ್. ಬಿಲ್ಲೆಯ ಡಿಸ್ಕಿನಲ್ಲಿ ಒಂದು ಕಡತವನ್ನು ಅಳಿಸಿದಾಗ ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರು ಹೊಡೆದುಹಾಕುತ್ತಾರೆ ಅಷ್ಟೇ. ಆ ಜಾಗದಲ್ಲಿ ಬೇರೆಯವರು ಉಳುವವರೆಗೆ ಹಳೆಯ ಬೆಳೆ ಅಲ್ಲೇ ಇರುತ್ತದೆ.

ಅನುಸ್ಥಾಪನೆಯ ನಡುವೆ ನಾವಿರುವ ಊರು ಕೇಳಿತು. ಮಕ್ಕಳು ತಮ್ಮೂರಿನ ಹೆಸರು ಕೂಗಿದರು. ಪಟ್ಟಿಯಲ್ಲಿದ್ದುದು ಕೋಲ್ಕತ್ತ! ಭಾರತಕ್ಕೆಲ್ಲ ಒಂದೇ ಗಡಿಯಾರ, 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಂಪ್ಯೂಟರಿನ ಕಾಲವಲಯಗಳ ಪಟ್ಟಿಯಲ್ಲಿ ಅದನ್ನು ಗುರುತಿಸುವುದು ಕೋಲ್ಕತ್ತದ ಹೆಸರಿನಿಂದ. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಪೆನ್‌ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದಾಗ ಕಂಪ್ಯೂಟರು ತನ್ನ ಡಿಸ್ಕಿನಿಂದ ತಾನೇ ಎದ್ದಿತು. ಕೀಲಿಮಣೆಗಳ ಪಟ್ಟಿಯಿಂದ ಕನ್ನಡದ ಕಗಪ ವಿನ್ಯಾಸ ಸೇರಿಸಿದೆವು. ಮೊದಲು ಕೀಲಿಸಿದ್ದು ಶಾಲೆಯ ಹೆಸರು.

ಕಾರ್ಯಾಚರಣ ವ್ಯವಸ್ಥೆ ಪೆನ್‌ಡ್ರೈವಿನಿಂದ ಬಂತು. ಮಳೆಯ ಅಂಕಿಗಳು ಎಲ್ಲಿಂದ ಬರಬೇಕು? 2019ರ ಪುಸ್ತಕ ಮುಖ್ಯ ಶಿಕ್ಷಕಿಯವರ ಬಳಿ ಇತ್ತು. 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದ್ದಾಗ ಪಕ್ಕದ ಮನೆಯ ಹುಡುಗಿ ಮಾಪಕ ನೋಡಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಈಗ ಅವಳು ಕಾಲೇಜಿನಲ್ಲಿದ್ದಾಳೆ. ಅವಳ ತಾಯಿ ಆ ಹಾಳೆಗಳನ್ನು ಜೋಪಾನವಾಗಿಟ್ಟಿದ್ದರು. 2021 ಮತ್ತು 2022ರ ಪುಸ್ತಕಗಳೂ ಸಿಕ್ಕವು. ಅನಂತರದ ಎರಡು ಮಳೆಗಾಲ ಮಾತ್ರ ಎಲ್ಲೂ ಇಲ್ಲ.

ಆ ಮನೆಗಳಿಗೆ ಏನು ತುಂಬುವುದು ಎಂದು ತರಗತಿಯಲ್ಲಿ ವಾದ ನಡೆಯಿತು. "ಸೊನ್ನೆ ಹಾಕೋಣ" ಎಂದರು ಕೆಲವರು. "ಪಕ್ಕದ ಊರಿನ ಲೆಕ್ಕ ತಂದು ಹಾಕೋಣ" ಎಂದರು ಇನ್ನು ಕೆಲವರು. ಬೀರುವಿನ ಬಗ್ಗೆ ಪ್ರಶ್ನೆ ಕೇಳಿದ್ದವಳಲ್ಲ, ಡಿಸ್ಕನ್ನು ಎಬ್ಬಿಸುವವರು ಯಾರು ಎಂದಿದ್ದಳಲ್ಲ, ಅವಳು ಒಪ್ಪಲಿಲ್ಲ. "ಸೊನ್ನೆ ಅಂದರೆ ಮಳೆ ಬರಲಿಲ್ಲ ಅಂತ. ಮಳೆ ಬಂದಿತ್ತು, ನಾನೇ ಅಳೆದಿದ್ದೆ. ಎಷ್ಟು ಅಂತ ನೆನಪಿಲ್ಲ." ಕೊನೆಗೆ ಆ ಮನೆಗಳಲ್ಲಿ ಅಡ್ಡಗೀಟು ಎಳೆಯುವುದೆಂದಾಯಿತು. ಮುಂದೆ ಸರಾಸರಿ ತೆಗೆಯುವಾಗ ಗೀಟುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಇಬ್ಬಿಬ್ಬರು ಸರದಿಯಲ್ಲಿ ಕೂತು ಹಳೆಯ ಪುಸ್ತಕಗಳನ್ನು ಕೀಲಿಸುತ್ತಿದ್ದಾರೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಒತ್ತುತ್ತಾರೆ. ಶನಿವಾರ ಕಡತದ ನಕಲು ಪೆನ್‌ಡ್ರೈವಿಗೆ ಹೋಗುತ್ತದೆ. ಬೆಳಗಿನ 8.30ರ ಅಳತೆಯನ್ನು ಮತ್ತೆ ಮೊದಲು ಪುಸ್ತಕದಲ್ಲೇ ಬರೆಯುತ್ತಾರೆ. ಕಳೆದ ವಾರ ವಿಚಾರಿಸಿದಾಗ ಕ್ಯಾಲೆಂಡರಿನ ಹಿಂಬದಿ ಮುಗಿಸಿ 2021ರ ಆಗಸ್ಟ್‌ಗೆ ಬಂದಿದ್ದರು.