ಹದಿನಾಲ್ಕು ತಿರುವು, ಹದಿನೆಂಟು ಸೈಕಲ್

ಮಲ್ಪೆಯಿಂದ ಚೆನ್ನೈಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಾಗ ನಮ್ಮ ಬೀದಿಯವರು ಕೇಳಿದ ಮೊದಲ ಪ್ರಶ್ನೆ, "ಯಾಕೆ, ರೈಲಿನಲ್ಲಿ ಸೀಟು ಸಿಗಲಿಲ್ಲವಾ?" ಎಂಬುದು. ಅರಬ್ಬೀ ಸಮುದ್ರದ ದಂಡೆಯಲ್ಲಿ ಹೊರಟು ಬಂಗಾಳ ಕೊಲ್ಲಿಯ ದಂಡೆಯಲ್ಲಿ ಇಳಿಯುವ ಆಸೆ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದ ಕಾಲದಿಂದಲೂ ನನಗಿತ್ತು. ನಿವೃತ್ತಿಯಾಗಿ ಎರಡು ವರ್ಷದ ಮೇಲೆ ಅದು ಕೈಗೂಡಿತು. ದಸರಾ ರಜೆಯ ಹನ್ನೆರಡು ದಿನ, 700 ಕಿಲೋಮೀಟರಿಗೂ ಮೀರಿದ ದಾರಿ, 18 ಜನರ ತಂಡ. ಎಲ್ಲರಿಗಿಂತ ಚಿಕ್ಕವನಿಗೆ 12 ವರ್ಷ, ಎಲ್ಲರಿಗಿಂತ ದೊಡ್ಡವಳಾದ ನನಗೆ 62. ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ತಂಡದ ಮುಂದಾಳು. ಸಾಮಾನು ಹೊರಲು ಒಂದು ಟೆಂಪೋ. ಹನ್ನೆರಡೂ ದಿನದ ಕಥೆ ಹೇಳಿದರೆ ಈ ಪತ್ರಿಕೆಯ ಪುಟ ಸಾಲದು. ಎರಡನೆಯ ದಿನದ್ದೊಂದು ಹೇಳುತ್ತೇನೆ. ಅದು ಆಗುಂಬೆ ಘಾಟಿ ಹತ್ತಿದ ದಿನ.

ಮೊದಲು ಒಬ್ಬಳು ಹುಡುಗಿಯ ವಿಷಯ ಹೇಳಬೇಕು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯಿಂದ, ತನ್ನ ಶಾಲೆಯ ವಿಜ್ಞಾನದ ಮೇಷ್ಟ್ರ ಜೊತೆ ಬಂದವಳು. ಒಂಬತ್ತನೆಯ ತರಗತಿ. ಉಳಿದವರೆಲ್ಲ ಗೇರಿನ ಸೈಕಲ್ ತಂದಿದ್ದರೆ ಅವಳು ತಂದದ್ದು ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲ್ಲು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲನ್ನು ಹಳ್ಳಿಗಳಲ್ಲಿ ನೀವೂ ನೋಡಿರುತ್ತೀರಿ. ಗಟ್ಟಿಮುಟ್ಟು, ಹಿಂದೆ ಕ್ಯಾರಿಯರ್, ಮುಂದೆ ಬುಟ್ಟಿ, ಗೇರು ಇಲ್ಲ. ದಿನಾ ಶಾಲೆಗೆ ಅದರಲ್ಲೇ ಹೋಗಿ ಬರುವವಳಿಗೆ ಅದರ ಮೇಲೆ ಬಹಳ ನಂಬಿಕೆ. ಆದರೆ ಪಿ.ಟಿ. ಮೇಷ್ಟ್ರಿಗೆ ಇರಲಿಲ್ಲ.

ಹಿಂದಿನ ರಾತ್ರಿ ಹೆಬ್ರಿಯಲ್ಲಿ ಊಟವಾದ ಮೇಲೆ ಅವರು ಮಕ್ಕಳನ್ನೆಲ್ಲ ಕರೆದು ಸೈಕಲ್ಲಿನ ಹಲ್ಲು ಎಣಿಸಲು ಹೇಳಿದರು. ಹುಡುಗಿಯ ಸೈಕಲ್ಲಿನಲ್ಲಿ ಪೆಡಲ್ಲಿನ ಹತ್ತಿರದ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು, ಸೈಕಲ್ಲು ಐದು ಮೀಟರ್ ಮುಂದೆ. ನನ್ನ ಸೈಕಲ್ಲನ್ನು ಅತಿ ಹಗುರದ ಗೇರಿಗೆ ಹಾಕಿದರೆ ಮುಂದೆ 28, ಹಿಂದೆ 32. ಒಂದು ಸುತ್ತು ತುಳಿದರೆ ಎರಡು ಮೀಟರೂ ಹೋಗುವುದಿಲ್ಲ. "ಆಯಿತಲ್ಲ, ಅವಳ ಸೈಕಲ್ಲೇ ಜೋರು!" ಎಂದ ನಮ್ಮ ಹನ್ನೆರಡರ ಪೋರ. ಸಪಾಟು ರಸ್ತೆಯಲ್ಲಿ ಅದು ನಿಜ. ಏರಿನಲ್ಲಿ ಮಾತ್ರ ಲೆಕ್ಕ ತಲೆಕೆಳಗು. ನಾನು ಮೆಟ್ಟಿಲನ್ನು ಒಂದೊಂದೇ ಹತ್ತಿದರೆ, ಅವಳು ಪ್ರತಿ ಸಲವೂ ಮೂರು ಮೂರು ಮೆಟ್ಟಿಲು ಒಟ್ಟಿಗೆ ಹತ್ತಬೇಕು. ಹಾಗೆ ಎಷ್ಟು ಹೊತ್ತು ಹತ್ತಿಯಾಳು?

ಮೇಷ್ಟ್ರು ಅವಳನ್ನು ಬೇರೆ ಕರೆದು ಮೆತ್ತಗೇ ಹೇಳಿದರು. ಸೋಮೇಶ್ವರದಿಂದ ಏಳೂವರೆಗೆ ಏರು ಶುರು. ಹತ್ತೂವರೆಯೊಳಗೆ ಆಗುಂಬೆ ಮುಟ್ಟಬೇಕು. ಮಧ್ಯಾಹ್ನದ ಮೇಲೆ ಮಳೆ ಬಂದರೆ ತೀರ್ಥಹಳ್ಳಿಯ ದಾರಿ ಕಷ್ಟ. ಆಗಲಿಲ್ಲವೆಂದರೆ ತೀರ್ಥಹಳ್ಳಿಯಿಂದ ಇಬ್ಬರನ್ನೂ ಬಸ್ಸು ಹತ್ತಿಸುತ್ತೇನೆ, ಬೇಜಾರು ಮಾಡಿಕೊಳ್ಳಬಾರದು; ಮುಂದಿನ ಹತ್ತು ದಿನ ಎಲ್ಲರನ್ನೂ ಕಾಯಿಸಲು ಆಗುವುದಿಲ್ಲ. ಹುಡುಗಿ ಹೂಂ ಎಂದಳು. ರಾತ್ರಿ ನನ್ನ ಪಕ್ಕದ ಚಾಪೆಯಲ್ಲಿ ಮಲಗಿದವಳು ಬಹಳ ಹೊತ್ತು ಹೊರಳಾಡಿದಳು. ಆಮೇಲೆ ಕೇಳಿದಳು: "ಆಯಿ, ನೂಕ್ಕೊಂಡು ಹೋದ್ರ ಲೆಕ್ಕಕ್ಕ ಬರತೈತೇನ್ರಿ?" ಅವರ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ನನಗೂ ಉತ್ತರ ಗೊತ್ತಿರಲಿಲ್ಲ. "ಸೈಕಲ್ಲು ಮೇಲೆ ಬಂದರೆ ಬಂದ ಹಾಗೆ, ಮಲಗು" ಎಂದೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಹೆಬ್ರಿ ದಾಟಿದರೆ ಕಾಡು. ಸೀತಾನದಿಯ ಸದ್ದು ಒಮ್ಮೆ ಹತ್ತಿರ ಬರುತ್ತದೆ, ಒಮ್ಮೆ ದೂರ ಸರಿಯುತ್ತದೆ. ಇದು ಸೋಮೇಶ್ವರ ವನ್ಯಜೀವಿಧಾಮ, ಸಿಂಗಳೀಕಗಳ ಊರು. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ, ಸಿಂಹದಂಥ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲ ಕಾಡಿನಲ್ಲೂ ಇಲ್ಲದ ಕೋತಿ. ನಮಗೆ ಒಂದೂ ಕಾಣಲಿಲ್ಲ. ಹದಿನೆಂಟು ಜನ ಬೆಲ್ ಬಾರಿಸುತ್ತ ಹೋದರೆ ಯಾವ ಸಿಂಗಳೀಕ ಬಂದು ನಿಲ್ಲುತ್ತದೆ, ಹೇಳಿ.

ಸೋಮೇಶ್ವರದಲ್ಲಿ ರಸ್ತೆ ತಲೆ ಎತ್ತುತ್ತದೆ. ಅಲ್ಲಿಂದ ಆಗುಂಬೆಗೆ ಹತ್ತು ಹನ್ನೊಂದು ಕಿಲೋಮೀಟರ್. ಅಷ್ಟರಲ್ಲಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಏರಬೇಕು, ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ. ತಿರುವುಗಳು ಇಕ್ಕಟ್ಟಾದ್ದರಿಂದ ಇಲ್ಲಿ ಓಡುವುದು ಹೆಚ್ಚಾಗಿ ಸಣ್ಣ ಬಸ್ಸುಗಳು. ನಮ್ಮ ಹುಡುಗರು ಮೊದಲ ತಿರುವಿಗೇ ಗಾಳಿಯ ಹಾಗೆ ನುಗ್ಗಿದರು. ಮೂರನೆಯ ತಿರುವಿನಲ್ಲಿ ಅವರಲ್ಲಿ ಇಬ್ಬರು ಮೋರಿಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ನಾನು ತಂಡದ ಕೊನೆಯ ಸವಾರಿಣಿ. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇಡೀ ಘಾಟಿಯನ್ನು ಆ ಹುಡುಗಿಯ ಜೊತೆಯೇ ಹತ್ತಿದೆ.

ಅವಳು ಜೀವಮಾನದಲ್ಲಿ ಘಾಟಿ ನೋಡಿದವಳಲ್ಲ. "ನಮ್ಮೂರಾಗ ಏರಂದ್ರ ಕೆರಿ ಏರಿ ಒಂದರೀ" ಎಂದಿದ್ದಳು. ಆದರೆ ಎರಡು ತಿರುವು ಕಳೆಯುವುದರಲ್ಲಿ, ನನಗೆ ಮೂವತ್ತು ವರ್ಷ ಸೈಕಲ್ ತುಳಿದರೂ ಹೊಳೆಯದಿದ್ದ ಒಂದು ಗುಟ್ಟು ಕಂಡುಹಿಡಿದಳು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು, ಅಲ್ಲವೇ? ದಾರಿ ಎಡಕ್ಕೆ ತಿರುಗಿದಾಗ ತಿರುವಿನ ಒಳಬದಿಗೆ ಬೀಳುತ್ತೇವೆ. ಅಲ್ಲಿ ದಾರಿ ಗಿಡ್ಡ, ಏರು ಕಡಿದು. ದಾರಿ ಬಲಕ್ಕೆ ತಿರುಗಿದಾಗ ಹೊರಬದಿಯಲ್ಲಿರುತ್ತೇವೆ. ಅಲ್ಲಿ ದಾರಿ ಉದ್ದ, ಏರು ಹಗುರ. ಎತ್ತರ ಎರಡು ಕಡೆಗೂ ಒಂದೇ. ನಂಬಿಕೆ ಬಾರದಿದ್ದರೆ ಮನೆಯಲ್ಲಿ ಸುತ್ತು ಮೆಟ್ಟಿಲಿದ್ದರೆ ಒಳಗಿನ ತುದಿಯಲ್ಲೊಮ್ಮೆ, ಹೊರಗಿನ ತುದಿಯಲ್ಲೊಮ್ಮೆ ಹತ್ತಿ ನೋಡಿ. ಎಡ ತಿರುವು ಬಂದ ಕೂಡಲೇ ಅವಳು ಟಕ್ಕನೆ ಇಳಿದು ನೂಕುವಳು. ಬಲ ತಿರುವಿನಲ್ಲಿ ಹತ್ತಿ, ಸೀಟಿನಿಂದ ಎದ್ದು ನಿಂತು ತುಳಿಯುವಳು. ನೇರ ದಾರಿಯಲ್ಲಿ ನೂರು ಎಣಿಸುವವರೆಗೆ ತುಳಿತ, ಐವತ್ತು ಎಣಿಸುವವರೆಗೆ ನೂಕು. ಯಾರೂ ಹೇಳಿಕೊಟ್ಟಿರಲಿಲ್ಲ.

ಎಂಟನೆಯ ತಿರುವಿನವರೆಗೆ ಸಮಯಕ್ಕೆ ಸರಿಯಾಗಿಯೇ ಇದ್ದೆವು. ಒಂಬತ್ತನೆಯದರಲ್ಲಿ ಚೈನು ಕಳಚಿತು. ಕಳಚಿದ್ದು ಹಾಗೇ ಬರಲಿಲ್ಲ, ಚೈನಿನ ಕವಚದೊಳಗೆ ಸಿಕ್ಕಿಕೊಂಡಿತು. ಕವಚದ ಎರಡು ಸ್ಕ್ರೂ ತೆಗೆಯಬೇಕು, ಸ್ಕ್ರೂ ಡ್ರೈವರ್ ಟೆಂಪೋದಲ್ಲಿ, ಟೆಂಪೋ ಮೇಲೆ. ಕೊನೆಗೆ ನನ್ನ ಎಲೆ ಅಡಿಕೆ ಚೀಲದಲ್ಲಿದ್ದ ಸಣ್ಣ ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸಿದೆವು. ಕೂತು ರಿಪೇರಿ ಮಾಡುವಷ್ಟರಲ್ಲಿ ಇಂಬಳಗಳಿಗೆ ಔತಣ. ಮಳೆಗಾಲ ಮುಗಿದರೂ ಹಸಿ ಎಲೆಯ ಮೇಲೆ ಅವು ಎದ್ದು ನಿಂತು ಕಾಯುತ್ತಿರುತ್ತವೆ. ಹುಡುಗಿಯ ಕಾಲಲ್ಲಿ ಮೂರು, ನನ್ನ ಕಾಲಲ್ಲಿ ಐದು. ಅವಳು ಮೊದಲು ಕಿರುಚಿದಳು, ಆಮೇಲೆ ಕುತೂಹಲದಿಂದ ನೋಡಿದಳು. ಎಲೆಗೆ ಹಚ್ಚುವ ಸುಣ್ಣ ಸವರಿದೆ, ಉದುರಿದವು. ಎಲೆ ಅಡಿಕೆ ಬಿಡು ಎನ್ನುವ ನನ್ನ ಸೊಸೆ ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ಹನ್ನೊಂದನೆಯ ತಿರುವಿನಲ್ಲಿ ಟೆಂಪೋ ನಿಂತಿತ್ತು. ಡ್ರೈವರು ಉಡುಪಿಯವರು, ಒಳ್ಳೆಯ ಮನುಷ್ಯ. ಹುಡುಗಿಯ ಮುಖ ನೋಡಿ ಅವರಿಗೆ ಪಾಪ ಅನ್ನಿಸಿತು. "ಸಾಕು ಮಾರಾಯ್ತಿ, ಕೂತ್ಕೋ. ನಾನು ಯಾರಿಗೂ ಹೇಳುದಿಲ್ಲ" ಎಂದರು. ಹೊತ್ತು ಹತ್ತು ಹತ್ತು ಆಗಿತ್ತು. ಅವಳು ನೀರು ಕುಡಿದಳು, ಮುಖಕ್ಕೆ ಚಿಮುಕಿಸಿಕೊಂಡಳು, ಟೆಂಪೋದ ತೆರೆದ ಬಾಗಿಲನ್ನು ಒಂದು ಗಳಿಗೆ ನೋಡಿದಳು. "ಬ್ಯಾಡ್ರೀ ಕಾಕಾ" ಎಂದು ಪೆಡಲ್ ಮೇಲೆ ಕಾಲಿಟ್ಟಳು. ಅಲ್ಲಿಂದ ಮೇಲೆ ನಾವಿಬ್ಬರೂ ಮಾತಾಡಲಿಲ್ಲ. ಮಾತಿಗೆ ಉಸಿರು ಇರಲಿಲ್ಲ.

ಕೊನೆಯ ತಿರುವಿನ ಹತ್ತಿರ ಸೂರ್ಯಾಸ್ತ ನೋಡುವ ಕಟ್ಟೆ ಇದೆ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಅರಬ್ಬೀ ಸಮುದ್ರ ಕಾಣುತ್ತದೆ. ಅಂದು ಕಂಡದ್ದು ಬರೀ ಮೋಡ, ಅದೂ ನಮ್ಮ ಕಾಲ ಕೆಳಗೆ. ನಿಲ್ಲಲು ಸಮಯವಿರಲಿಲ್ಲ. ಆಗುಂಬೆಯ ಪೇಟೆ ಮುಟ್ಟಿದಾಗ ಪಿ.ಟಿ. ಮೇಷ್ಟ್ರು ಹೋಟೆಲಿನ ಮುಂದೆ ಗಡಿಯಾರ ನೋಡುತ್ತ ನಿಂತಿದ್ದರು. ಹತ್ತು ನಲವತ್ತು. ಹತ್ತು ನಿಮಿಷ ತಡ.

ಅವರು ಏನೂ ಹೇಳಲಿಲ್ಲ. "ಇಬ್ಬರಿಗೂ ಬಿಸಿ ಬಿಸಿ ಇಡ್ಲಿ ಕೊಡಪ್ಪಾ" ಎಂದರು ಅಷ್ಟೇ.

ಆದರೆ ಉಳಿದವರು ಸುಮ್ಮನಿದ್ದಾರೆಯೇ? ಇಡ್ಲಿಯ ಮುಂದೆ ದೊಡ್ಡ ಚರ್ಚೆಯೇ ಆಯಿತು. ನೂಕಿದ್ದು ಲೆಕ್ಕಕ್ಕಿಲ್ಲ, ಅದು ನಡೆದ ಹಾಗೆ ಎಂದ ಪೋರ. ಅವನಪ್ಪ ಅವನ ತಲೆಗೆ ಮೊಟಕಿದರು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, "ನಾನೂ ಎರಡು ಕಡೆ ನೂಕಿದೀನಪ್ಪ, ಯಾರೂ ನೋಡ್ಲಿಲ್ಲ ಅಷ್ಟೇ" ಎಂದದ್ದಕ್ಕೆ ಎಲ್ಲರೂ ನಕ್ಕರು. ನನ್ನ ಅಭಿಪ್ರಾಯ ಕೇಳಿದರೆ, ಅಷ್ಟು ಭಾರದ ಸೈಕಲ್ಲನ್ನು ಏರಿನಲ್ಲಿ ನೂಕುವುದು ಹಗುರ ಗೇರಿನಲ್ಲಿ ತುಳಿಯುವುದಕ್ಕಿಂತ ಕಷ್ಟ. ನಾನು ನೂಕಿ ನೋಡಿದ್ದೇನೆ.

ಆಗುಂಬೆಯ ವಿಷಯ ಎರಡು ಮಾತು. ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಚಿತ್ರೀಕರಣ ನಡೆದದ್ದು ಇಲ್ಲಿ. ಆ ದೊಡ್ಡಮನೆಯ ಕಂಬಗಳನ್ನು ಮುಟ್ಟಿ ನೋಡುವಾಗ ನಮ್ಮ ಪೈಕಿ ತಲೆ ನೆರೆತವರಿಗೆ ಸ್ವಾಮಿಯ ನೆನಪು. ಮಕ್ಕಳಿಗೆ ಸ್ವಾಮಿ ಯಾರೆಂದು ಗೊತ್ತಿರಲಿಲ್ಲ. ಅಜ್ಜ ಅಜ್ಜಿಯರು ಈಗ ಹೇಳಬಹುದು. ಮಕ್ಕಳಿಗೆ ರುಚಿಸಿದ್ದು ಕಾಳಿಂಗ ಸರ್ಪದ ಸುದ್ದಿ. ಜಗತ್ತಿನ ಅತಿ ಉದ್ದದ ವಿಷದ ಹಾವು ಅದು. ಒಣಗಿದ ಎಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಅದರ ಬಗ್ಗೆ ಅಧ್ಯಯನ ಮಾಡಲು ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲೊಂದು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಇನ್ನು ಮಳೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು, ಗದಗ ಜಿಲ್ಲೆಗೆ 600ರ ಆಸುಪಾಸು. ವಿಜ್ಞಾನದ ಮೇಷ್ಟ್ರು ಇದನ್ನು ಹೇಳಿದಾಗ ಹುಡುಗಿ ಇಡ್ಲಿ ಬಿಟ್ಟು ತಲೆ ಎತ್ತಿದಳು. "ಇವರ ಒಂದು ತಿಂಗಳ ಮಳಿ ನಮಗ ಕೊಟ್ಟಿದ್ರ ಸಾಕಿತ್ತಲ್ರೀ ಸರ್." ಮೇಷ್ಟ್ರು, "ಕೊಡ್ತಾರ, ಸಂಜಿಗೆ ತೋರಿಸ್ತೀನಿ" ಎಂದರು.

ಆಗುಂಬೆಯಿಂದ ತೀರ್ಥಹಳ್ಳಿಗೆ ಸುಮಾರು 33 ಕಿಲೋಮೀಟರ್. ಏರಿಳಿತ ಇದೆ, ಎದೆ ಒಡೆಯುವಂಥದ್ದಲ್ಲ. ಅಡಿಕೆ ತೋಟ, ಗದ್ದೆ, ಮತ್ತೆ ಕಾಡು. ಗುಡ್ಡೇಕೇರಿ ದಾಟಿದ ಮೇಲೆ ಸಾಫ್ಟ್‌ವೇರ್ ಹುಡುಗ ತನ್ನ ದುಬಾರಿ ಸೈಕಲ್ಲನ್ನು ಅವಳಿಗೆ ಕೊಟ್ಟು ಅವಳದ್ದನ್ನು ತಾನು ತುಳಿದ. ಒಂದೇ ಏರಿಗೆ ಅವನ ಮುಖ ಕೆಂಪಾಯಿತು. "ಇದನ್ನ ಹೇಗೆ ತುಳೀತೀಯ ಪುಟ್ಟಿ?" ಅವಳಿಗೂ ಅವನ ಸೈಕಲ್ಲು ಹಿಡಿಸಲಿಲ್ಲ. ಬಗ್ಗಿ ಕೂರಬೇಕು, ಬುಟ್ಟಿ ಬೇರೆ ಇಲ್ಲ. ಮೇಗರವಳ್ಳಿಯಲ್ಲಿ ವಾಪಸು ಬದಲಾಯಿಸಿಕೊಂಡರು. ಮಳೆ ಬಂತು, ಹತ್ತು ನಿಮಿಷ ಹೊಡೆದು ಹೋಯಿತು.

ಸಂಜೆ ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಗೆ ಹೋದೆವು. ವಿಜ್ಞಾನದ ಮೇಷ್ಟ್ರು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದರು. ಬೆಳಿಗ್ಗೆ ನಾವು ಹತ್ತಿದ ಘಾಟಿಯ ನೆತ್ತಿ ಇದು. ಪಡುವಣ ಬದಿಗೆ ಬಿದ್ದ ಹನಿ ಸೀತಾನದಿ ಸೇರಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಮೂಡಣ ಬದಿಗೆ ಬಿದ್ದದ್ದು ತುಂಗೆಗೆ. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ತುಂಗಭದ್ರೆಯಾಗಿ, ಮುಂದೆ ಕೃಷ್ಣೆಯೊಳಗೆ ಸೇರಿ ಬಂಗಾಳ ಕೊಲ್ಲಿಗೆ. ನಡುವೆ ಮುಂಡರಗಿ ತಾಲ್ಲೂಕಿನ ಅಂಚಿಗೆ ತಾಗಿಕೊಂಡೇ ಹೋಗುತ್ತದೆ. ಹುಡುಗಿ ಗೆರೆಯನ್ನೂ ನೀರನ್ನೂ ಎರಡೆರಡು ಸಲ ನೋಡಿದಳು. "ಇದು ನಮ್ಮ ಹೊಳೀನ ಏನ್ರೀ ಸರ್?" ಎಂದು ಲಂಗ ಎತ್ತಿಕೊಂಡು ಮೊಣಕಾಲವರೆಗೆ ನೀರಿಗಿಳಿದಳು. ಬಹಳ ಹೊತ್ತು ಮೇಲೆ ಬರಲಿಲ್ಲ.

ರಾತ್ರಿ ಊಟಕ್ಕೆ ಮೊದಲು ಪಿ.ಟಿ. ಮೇಷ್ಟ್ರು ಮರುದಿನದ ಪಟ್ಟಿ ಓದಲು ನಿಂತರು. ಶಿವಮೊಗ್ಗಕ್ಕೆ 60 ಕಿಲೋಮೀಟರ್, ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಅರ್ಧ ಗಂಟೆ, ಸಕ್ರೆಬೈಲಿನಲ್ಲಿ ಆನೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಘಾಟಿಯಲ್ಲಿ ಚೈನು ಸರಿಮಾಡಲು ಎಷ್ಟು ಹೊತ್ತು ಹಿಡಿಯಿತು ಎಂದು ನನ್ನನ್ನು ಕೇಳಿದರು. ಇಪ್ಪತ್ತು ನಿಮಿಷ ಎಂದೆ. ಅವರು ಹೇಳಿದರು: "ಕಬಡ್ಡಿಯಲ್ಲಿ ಆಟ ನಿಲ್ಲಿಸಿದಾಗ ಗಡಿಯಾರವೂ ನಿಲ್ಲುತ್ತೆ. ಆ ಲೆಕ್ಕಕ್ಕೆ ಹುಡುಗಿ ಹತ್ತು ನಿಮಿಷ ಮೊದಲೇ ಬಂದಿದಾಳೆ."

ಹುಡುಗಿಗೆ ತಕ್ಷಣ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಪೋರ ಅವಳ ಕೈ ಹಿಡಿದು ಅಲ್ಲಾಡಿಸಿ, "ಬಸ್ಸಿಲ್ಲ ಅಕ್ಕಾ, ಬಸ್ಸಿಲ್ಲ!" ಎಂದು ಕೂಗಿದ.

"ಚೈನಿಗೆ ಎಣ್ಣೆ ಹಾಕಿಸಿಕೋ" ಎಂದರು ಮೇಷ್ಟ್ರು. "ಮತ್ತೆ ನಾಳೆ ನೀನು ಮುಂದಿನ ಸಾಲಿನಲ್ಲಿ ಬಾ. ಆಯಿ ಒಬ್ಬರೇ ಕೊನೆಗೆ ಬರಲಿ."